ಬರಕೊಂಡು ಹೋದ್ರಲ್ಲ, ಮುಂದೇನು?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ಸಂಚಿಕೆಯಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಧಾರವಾಡ ತಾಲ್ಲೂಕಿನ ಹಳ್ಳಿಗಳಲ್ಲಿ ಇಪ್ಪತ್ತೊಂದು ವರ್ಷ ಮನೆ ಮನೆ ತಿರುಗಿ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದುಕೊಂಡವಳು. ಹೆಬ್ಬಳ್ಳಿ, ನರೇಂದ್ರ, ಗರಗ, ಉಪ್ಪಿನಬೆಟಗೇರಿ ಕಡೆ ನನ್ನ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ. 'ಮಣಿ ಅಕ್ಕಾರು' ಅಂದರೆ ಗೊತ್ತು. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಉದ್ದ ಅಳೆಯಬೇಕು. ಅದಕ್ಕೆ ಬೇಕಾದ ಹಲಗೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಮಣಿಯನ್ನು, ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತಿದ್ದೆ. ಅದಕ್ಕೂ ಒಬ್ಬ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದುಕೊಟ್ಟಿದ್ದ.

ಪತ್ರಗಳಿಗೆ ಬರೋಣ.

ನನ್ನ ಮಗನಿಗೆ 14 ತಿಂಗಳು. ದಿನ ತುಂಬುವ ಮೊದಲೇ ಹುಟ್ಟಿದವನು. ಆಸ್ಪತ್ರೆಯಿಂದ ಫೋನ್ ಮಾಡಿ ಒಂದು ಅಧ್ಯಯನಕ್ಕೆ ಬನ್ನಿ ಅಂದಿದ್ದಾರೆ. ತಲೆಗೆ ವೈರಿನ ಟೋಪಿ ಹಾಕಿ, ಚಿತ್ರ ತೋರಿಸುತ್ತಾರಂತೆ. ನಮ್ಮತ್ತೆ, "ಇನ್ನೂ ಜವಳ ಆಗಿಲ್ಲ, ತಲಿ ಮುಟ್ಟಸಬ್ಯಾಡ. ಕರೆಂಟ್ ಬಿಟ್ಟರ ಏನ್ ಗತಿ?" ಅನ್ನುತ್ತಾರೆ. ಏನು ಮಾಡಲಿ?
ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಕರೆಂಟಿನ ಮಾತು ಮುಗಿಸೋಣ. ಆ ಟೋಪಿ ಏನನ್ನೂ ಒಳಗೆ ಬಿಡುವುದಿಲ್ಲ. ನಮ್ಮೆಲ್ಲರ ಮಿದುಳಲ್ಲೂ ಸದಾ ಸಣ್ಣ ಸಣ್ಣ ವಿದ್ಯುತ್ ಸಂಕೇತ ಓಡಾಡುತ್ತಿರುತ್ತವೆ. ನೆತ್ತಿಯ ಮೇಲೆ ಅದರ ಸುಳಿವು ಸಿಗುತ್ತದೆ. ಟೋಪಿ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಅದು ಹೃದಯ ಬಡಿಯುವಂತೆ ಮಾಡುತ್ತದಾ? ಇಲ್ಲ ಅಲ್ವಾ, ಹಾಗೆ. ಇಇಜಿ ಅನ್ನುತ್ತಾರೆ. ಮೂರ್ಛೆ ಬರುವವರಿಗೆ ಎಷ್ಟೋ ವರ್ಷಗಳಿಂದ ಮಾಡುತ್ತಿರುವ ಪರೀಕ್ಷೆಯೇ ಇದು.

ಕೂಸಿಗೆ ಆಗುವ ತೊಂದರೆ ಅಂದರೆ ತಲೆ ಒದ್ದೆಯಾಗುವುದು. ಉಪ್ಪುನೀರೋ ಅಂಟಂಟು ಜೆಲ್ಲೋ ಹಚ್ಚುತ್ತಾರೆ. 14 ತಿಂಗಳ ಗಂಡುಕೂಸು ಆ ಟೋಪಿ ಕಿತ್ತು ಬಾಯಿಗೆ ಹಾಕಿಕೊಳ್ಳದೆ ಇದ್ದರೆ ನನಗೇ ಆಶ್ಚರ್ಯ. ನಿಮ್ಮ ತೊಡೆಯ ಮೇಲೇ ಕೂರಿಸಿಕೊಳ್ಳಲು ಹೇಳಬಹುದು. ಚಿತ್ರ ತೋರಿಸುವಾಗ ನಿಮಗೆ ಕಣ್ಣು ಮುಚ್ಚಿ ಅಂದರೆ ಗಾಬರಿಯಾಗಬೇಡಿ. ನೀವು ಯಾವ ಕಡೆ ನೋಡುತ್ತೀರೋ ಕೂಸೂ ಆ ಕಡೆ ತಿರುಗುತ್ತದೆ. ಅವರಿಗೆ ಬೇಕಾಗಿರುವುದು ಅವನ ಕಣ್ಣು, ನಿಮ್ಮದಲ್ಲ. ಮಾತು ಬಾರದ ಕೂಸಿನ ಹತ್ತಿರ ಉತ್ತರ ಪಡೆಯುವ ಉಪಾಯ ಇದು. ನೋಡಿ ನೋಡಿ ಸಾಕಾದ ಚಿತ್ರ ಬಿಟ್ಟು ಹೊಸದನ್ನು ಜಾಸ್ತಿ ಹೊತ್ತು ನೋಡಿತು ಅಂದರೆ, ಹಳೆಯದು ಅದಕ್ಕೆ ನೆನಪಿದೆ ಅಂತ ಅರ್ಥ.

ಇನ್ನು ಜವಳ. ನಾನು ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿ ಬೈಸಿಕೊಂಡವಳು, ಅದಕ್ಕೇ ಎಚ್ಚರದಿಂದ ಹೇಳುತ್ತೇನೆ. ಈ ಪರೀಕ್ಷೆಗೆ ಕೂದಲು ಬೋಳಿಸುವುದಿಲ್ಲ, ಕತ್ತರಿಸುವುದೂ ಇಲ್ಲ. ಹಾಗಿದ್ದೂ ಅತ್ತೆಯವರಿಗೆ ಸಮಾಧಾನ ಇಲ್ಲ ಅಂದರೆ, ಅಧ್ಯಯನದವರಿಗೆ ಫೋನ್ ಮಾಡಿ "ಜವಳ ಮುಗಿಸಿ ಬರ್ತೀವಿ, ನಡೀತದಾ?" ಅಂತ ಕೇಳಿ. ವಯಸ್ಸಿನ ಲೆಕ್ಕಕ್ಕೆ ತೊಂದರೆ ಇಲ್ಲದಿದ್ದರೆ ಖುಷಿಯಿಂದ ಹೂಂ ಅನ್ನುತ್ತಾರೆ. ಕೂದಲು ಕಮ್ಮಿ ಇದ್ದಷ್ಟು ಆ ಟೋಪಿ ನೆತ್ತಿಗೆ ಚೆನ್ನಾಗಿ ಕೂರುತ್ತದೆ! ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಮರುವಾರವೇ ಹೋಗಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಟೋಪಿಯನ್ನು ಅವರ ಕೈಗೆ ಕೊಡಿಸಿ. ಒಂದು ಸಲ ಮುಟ್ಟಿ ನೋಡಿದರೆ ನೀವು ನೂರು ಸಲ ಹೇಳಿದ್ದಕ್ಕಿಂತ ಮೇಲು.

ಅಂದ ಹಾಗೆ, ದಿನ ತುಂಬದೆ ಹುಟ್ಟಿದವನು ಅಂದಿರಿ. ಎರಡು ವರ್ಷ ಆಗುವವರೆಗೆ ಇಂಥ ಮಕ್ಕಳ ಬೆಳವಣಿಗೆಯನ್ನು ಹುಟ್ಟಿದ ತಾರೀಖಿನಿಂದ ಅಲ್ಲ, ಹುಟ್ಟಬೇಕಾಗಿದ್ದ ತಾರೀಖಿನಿಂದ ಎಣಿಸುತ್ತಾರೆ. ಎರಡು ತಿಂಗಳು ಮುಂಚೆ ಬಂದಿದ್ದರೆ ಅವನು ಈಗ 12 ತಿಂಗಳವನು. ಪಕ್ಕದ ಮನೆ ಕೂಸಿನ ಜೊತೆ ಹೋಲಿಸಿ ಸುಮ್ನೆ ಕಣ್ಣೀರು ಹಾಕಬೇಡಿ.

ನಮ್ಮ ಓಣಿಯಲ್ಲಿ ಒಂದು ಅಧ್ಯಯನ ನಡೆದಿದೆ. ಎದುರು ಮನೆಯವರಿಗೆ ಹದಿನೈದು ದಿನಕ್ಕೊಮ್ಮೆ ಬಂದು ಆಟಿಕೆ ಕೊಟ್ಟು, ಕೂಸಿನ ಜೊತೆ ಹ್ಯಾಗೆ ಆಡಬೇಕು ಅಂತ ಕಲಿಸುತ್ತಾರೆ. ನಮ್ಮ ಮನೆಗೆ ಬಂದರೆ ಬರೀ ಪ್ರಶ್ನೆ, ತೂಕ. ಆಟಿಕೆ ಯಾಕಿಲ್ಲ ಅಂದರೆ "ಚೀಟಿಯಲ್ಲಿ ನಿಮ್ಮದು ಈ ಕಡೆ ಬಂತು" ಅನ್ನುತ್ತಾರೆ. ಇದು ಯಾವ ನ್ಯಾಯ?
ಮೆಣಸಿನಕಾಯಿ ಬೆಳೆಗಾರರ ಮನೆಯವರು, ಬ್ಯಾಡಗಿ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದರ ಉತ್ತರ ನಿಮ್ಮ ಹೊಲದಲ್ಲೇ ಇದೆ.

ಹೊಸ ಗೊಬ್ಬರದವನು ಬಂದು "ಇದನ್ನು ಹಾಕಿದರೆ ಇಳುವರಿ ಹೆಚ್ಚು" ಅಂದ ಅಂತಿಟ್ಟುಕೊಳ್ಳಿ. ನೀವು ಪೂರ್ತಿ ಹೊಲಕ್ಕೆ ಹಾಕಿದಿರಿ, ಬೆಳೆ ಚೆನ್ನಾಗಿ ಬಂತು. ಗೊಬ್ಬರದಿಂದಲೋ, ಆ ವರ್ಷದ ಮಳೆಯಿಂದಲೋ? ಹೇಳುವುದು ಹ್ಯಾಗೆ? ಅದಕ್ಕೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಾಕುಗಳಲ್ಲಿ ಒಂದಕ್ಕೆ ಹಾಕಿ, ಪಕ್ಕದ್ದಕ್ಕೆ ಹಾಕದೆ ಬಿಟ್ಟು ನೋಡುತ್ತಾರೆ. ಯಾವ ತಾಕಿಗೆ ಹಾಕಬೇಕು ಅನ್ನುವುದನ್ನೂ ತಮ್ಮ ಮನಸ್ಸಿಗೆ ಬಂದಂತೆ ಆರಿಸುವಂತಿಲ್ಲ. ಆರಿಸಿದರೆ ಎರೆಮಣ್ಣಿನ ಒಳ್ಳೆಯ ತಾಕಿಗೇ ಕೈ ಹೋಗುತ್ತದೆ. ಮನೆಗಳಲ್ಲೂ ಹಾಗೇ. ನನ್ನನ್ನೇ ಆರಿಸಲು ಬಿಟ್ಟಿದ್ದರೆ, ಕರೆದು ಚಹಾ ಕೊಡುವ ಮನೆಗಳಿಗೆ ಆಟಿಕೆ ಹಂಚಿಬಿಡುತ್ತಿದ್ದೆ. ಚೀಟಿ ಎತ್ತುವುದು ನಮ್ಮಂಥವರ ಕೈ ಕಟ್ಟಿಹಾಕಲಿಕ್ಕೆ.

ಇದರಿಂದ ಏನು ಗೊತ್ತಾಗುತ್ತದೆ ಅನ್ನುವುದಕ್ಕೆ ಹತ್ತಿರದ್ದೇ ಒಂದು ಉದಾಹರಣೆ. ಹುಟ್ಟುವಾಗ ಉಸಿರುಕಟ್ಟಿ, ಉಸಿರು ಹಿಡಿಸಿ ಉಳಿಸಿಕೊಂಡ ಮಕ್ಕಳ ಬಗ್ಗೆ ಭಾರತ, ಪಾಕಿಸ್ತಾನ, ಜಾಂಬಿಯಾ ಮೂರೂ ಕಡೆ ಸೇರಿ ಒಂದು ಅಧ್ಯಯನ ಆಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಸೀಮೆಯಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರಿಂದ. ಎರಡು ವಾರಕ್ಕೊಮ್ಮೆ ಮನೆಗೆ ಹೋಗಿ, ಕೂಸಿನ ಜೊತೆ ಆಡುವುದನ್ನು ತಂದೆ ತಾಯಿಗೆ ಕಲಿಸಿದರು. ಚೀಟಿಯಲ್ಲಿ ನಿಮ್ಮಂತೆ ಇನ್ನೊಂದು ಕಡೆ ಬಂದವರ ಮನೆಗೂ ಅಷ್ಟೇ ಸಲ ಹೋದರು, ಆದರೆ ಅವರಿಗೆ ಹೇಳಿದ್ದು ಆರೋಗ್ಯ, ಸುರಕ್ಷತೆಯ ಮಾತು. ಮೂರು ವರ್ಷ ತುಂಬಿದಾಗ ಆಟ ಕಲಿತ ಮನೆಗಳ ಮಕ್ಕಳು ಬುದ್ಧಿ ಬೆಳವಣಿಗೆಯ ಪರೀಕ್ಷೆಯಲ್ಲಿ ಸರಾಸರಿ ನಾಲ್ಕೈದು ಅಂಕ ಮುಂದಿದ್ದರು. ಇದು 2013ರಲ್ಲಿ ಪ್ರಕಟವಾಯಿತು. ಆಟ ಕಲಿಸದ ಆ ಇನ್ನೊಂದು ಕಡೆಯ ಮನೆಗಳು ಇಲ್ಲದಿದ್ದರೆ ಈ ಮಾತನ್ನು ಯಾರೂ ಎದೆತಟ್ಟಿ ಹೇಳಲು ಆಗುತ್ತಿರಲಿಲ್ಲ.

ಆದರೂ ನಿಮ್ಮ ಪ್ರಶ್ನೆಯನ್ನು ಕೈಬಿಡಬೇಡಿ. "ಅಧ್ಯಯನ ಮುಗಿದ ಮೇಲೆ, ಒಳ್ಳೇದು ಅಂತ ಗೊತ್ತಾದರೆ, ನಮಗೂ ಕಲಿಸ್ತೀರೇನ್ರೀ?" ಅಂತ ಕೇಳಿ. ಅನೇಕ ಕಡೆ ಕಲಿಸುತ್ತಾರೆ. ಮೊದಲೇ ಕೇಳಿಟ್ಟರೆ ಮರೆಯುವುದಿಲ್ಲ. ಈ ಚೀಟಿಯ ವಿಷಯವನ್ನು ಸಹಿ ಹಾಕುವ ಮುಂಚೆಯೇ ನಿಮಗೆ ಹೇಳಬೇಕಿತ್ತು. ಹೇಳಿರದಿದ್ದರೆ ಅದು ತಪ್ಪೇ. ಇನ್ನು, ಎದುರು ಮನೆಗೆ ಹೋಗಿ ಆಟ ನೋಡಿ ಕಲಿಯಬೇಡಿ ಅಂತ ನಾನು ಹೇಳಬೇಕು. ಆದರೆ ಓಣಿ ಅಂದರೆ ಓಣಿ, ಅದು ನನಗೂ ಗೊತ್ತು.

ನಾನು ಮನೆಯಲ್ಲಿ ಇಲ್ಲದಾಗ ನನ್ನ ಹೆಂಡತಿ ಯಾವುದೋ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ಅಂಗನವಾಡಿಯ ಸ್ಕೀಮು ಅಂದುಕೊಂಡಳಂತೆ. ಈಗ ಕೂಸಿನ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರಂತೆ. ನನಗೆ ಬೇಡ. ಬಿಟ್ಟರೆ ತತ್ತಿ, ರೇಷನ್ ನಿಲ್ಲಿಸುತ್ತಾರಾ?
ಒಬ್ಬ ತಂದೆ, ರೋಣ ತಾಲ್ಲೂಕು, ಗದಗ ಜಿಲ್ಲೆ

ಇಲ್ಲ. ನಿಲ್ಲಿಸುವ ಹಕ್ಕು ಅವರಿಗಿಲ್ಲ. ಅಂಗನವಾಡಿಯ ಊಟ, ತತ್ತಿ, ಚುಚ್ಚುಮದ್ದು ನಿಮ್ಮ ಕೂಸಿನ ಪಾಲು. ಅಧ್ಯಯನ ಬೇರೆ, ಅದು ಬೇರೆ. ಇವತ್ತು ಸೇರಿ ನಾಳೆ ಬಿಡಬಹುದು, ಕಾರಣ ಕೊಡಬೇಕಾಗಿಲ್ಲ.

ನಿಮ್ಮ ಪತ್ರ ಓದಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಒಂದು ಕಾಲಕ್ಕೆ ಆ ಫಾರ್ಮ್ ಹಿಡಿದುಕೊಂಡು ಹೋದವಳು ನಾನೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಐದು ಪುಟದ ಒಪ್ಪಿಗೆ ಪತ್ರ, ಮೇಲಿನವರು ಇಂಗ್ಲಿಷಿನಿಂದ ಮಾಡಿಸಿದ್ದು. 'ಸಂಭಾವ್ಯ ಅನಾನುಕೂಲತೆಗಳು', 'ಸ್ವಯಂಪ್ರೇರಿತ ಸಹಭಾಗಿತ್ವ' ಅಂತೆಲ್ಲ. ಒಬ್ಬಾಕೆ ರೊಟ್ಟಿ ಬಡಿಯುತ್ತಾ ಕೂತಿದ್ದಳು. ನಾನು ಒಂದೇ ಉಸಿರಿಗೆ ಐದೂ ಪುಟ ಓದಿದೆ. ಆಕೆ ಹೂಂ, ಹೂಂ ಅನ್ನುತ್ತಾ ಒಂಬತ್ತು ರೊಟ್ಟಿ ಬಡಿದಳು. ಹಿಟ್ಟಿನ ಹೆಬ್ಬೆರಳು ಸೆರಗಿಗೆ ಒರೆಸಿ, ಇಂಕಿಗೆ ಅದ್ದಿ ಒತ್ತಿದಳು. ರೇಷನ್ ಫಾರ್ಮ್ ಅಂದುಕೊಂಡು ಆಮೇಲೆ ಕೇಳಿದಳು: "ಎಷ್ಟ್ ಕೆಜಿ ಬರ್ತೈತ್ರೀ ಅಕ್ಕಾರ?" ಆ ಫಾರ್ಮಿನ ಮೂಲೆಯಲ್ಲಿ ಜೋಳದ ಹಿಟ್ಟಿನ ಬೆರಳಚ್ಚು ಇನ್ನೂ ನನ್ನ ಕಣ್ಣ ಮುಂದಿದೆ. ಅವತ್ತು ಅದನ್ನು ಹರಿದುಹಾಕಿ ಮತ್ತೊಮ್ಮೆ ಹೇಳಬೇಕಿತ್ತು. ಹರಿಯಲಿಲ್ಲ. ತಿಂಗಳಿಗೆ ಇಷ್ಟು ಮನೆ ಅಂತ ಲೆಕ್ಕ ಕೊಡಬೇಕಾಗಿತ್ತು.

ಹಾಗಾಗಿ ಹೇಳುತ್ತೇನೆ ಕೇಳಿ. ಓದಲು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು, ಅವರೂ ಸಹಿ ಹಾಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮವೇ ಹಾಗಿದೆ. 2017ರಲ್ಲಿ ಮಂಡಳಿ ಮಕ್ಕಳ ಮೇಲಿನ ಸಂಶೋಧನೆಗೆ ಅಂತಲೇ ಬೇರೆ ಮಾರ್ಗಸೂಚಿ ಕೂಡ ತಂದಿದೆ. ಆ ಹಾಳೆಯ ಒಂದು ಪ್ರತಿ ನಿಮ್ಮ ಮನೆಯಲ್ಲಿ ಇರಬೇಕು. ಟ್ರಂಕಿನಲ್ಲಿ, ತಾಯಿ ಕಾರ್ಡಿನ ಜೊತೆ ಹುಡುಕಿ. ಸಿಕ್ಕರೆ ಕೊನೆಯಲ್ಲಿ ಎರಡು ನಂಬರ್ ಇರುತ್ತವೆ. ಒಂದು ಅಧ್ಯಯನ ಮಾಡುವವರದು, ಇನ್ನೊಂದು, ಅಧ್ಯಯನ ಸರಿಯಾಗಿ ನಡೆಯುತ್ತದಾ ಅಂತ ನೋಡುವ ನೈತಿಕ ಸಮಿತಿಯದು. ಸಮಿತಿ ಅಂದರೆ ಅದೇ ಆಸ್ಪತ್ರೆಯ ಡಾಕ್ಟರ್‌ಗಳಷ್ಟೇ ಕೂತ ಸಭೆ ಅಲ್ಲ. ಅಧ್ಯಕ್ಷರು ಹೊರಗಿನವರು, ಕಾನೂನು ಬಲ್ಲವರೊಬ್ಬರು, ನಿಮ್ಮ ನಮ್ಮಂಥ ಸಾಮಾನ್ಯರೊಬ್ಬರು ಇರಲೇಬೇಕು. ದೂರು ಅಲ್ಲಿಗೆ ಹೇಳಬಹುದು.

ಆದರೆ ಫೋನ್ ಮಾಡುವ ಮೊದಲು ಹೆಂಡತಿಯ ಜೊತೆ ಕೂತು ಮಾತಾಡಿ. "ನನಗೆ ಬೇಡ" ಅಂತ ಬರೆದಿದ್ದೀರಿ. ಆಕೆಗೆ? ತೂಕ ನೋಡುವುದು, ಪ್ರಶ್ನೆ ಕೇಳುವುದು, ಹೀಗೆ ಅಪಾಯ ಕಮ್ಮಿ ಇರುವ ಅಧ್ಯಯನಕ್ಕೆ ತಂದೆ ತಾಯಿಯಲ್ಲಿ ಒಬ್ಬರ ಒಪ್ಪಿಗೆ ಸಾಮಾನ್ಯವಾಗಿ ಸಾಕು, ತಾಯಿಯದೂ ಒಪ್ಪಿಗೆಯೇ. ಬೆರಳು ಚುಚ್ಚುವುದು ರಕ್ತಹೀನತೆ ನೋಡಲಿಕ್ಕೆ ಇರಬಹುದು. ಯಾಕೆ, ಎಷ್ಟು ಹನಿ, ಫಲಿತಾಂಶ ನಮಗೆ ಹೇಳ್ತೀರಾ ಅಂತ ಕೇಳಿ. ಅದೊಂದು ಬೇಡ, ಉಳಿದದ್ದು ಆಗಲಿ ಅಂತಲೂ ಕೇಳಿ ನೋಡಬಹುದು.

ಇಂಥ ಅಧ್ಯಯನಕ್ಕೆ ಸೇರಿದರೆ ಎಷ್ಟು ದುಡ್ಡು ಕೊಡುತ್ತಾರೆ?
ಓದುಗರು, ರಾಣೆಬೆನ್ನೂರು

ಬಸ್ ಚಾರ್ಜು, ಆ ದಿನದ ಕೂಲಿ ತಪ್ಪಿದ್ದಕ್ಕೆ ಸ್ವಲ್ಪ, ಕೂಸಿಗೆ ಒಂದು ಗಿಲಕಿಯೋ ಚಿತ್ರದ ಪುಸ್ತಕವೋ. ಇದರಲ್ಲಿ ಗಂಟು ಕಟ್ಟಿದವರನ್ನು ನಾನು ನೋಡಿಲ್ಲ. ಯಾರಾದರೂ ಭಾರೀ ಮೊತ್ತ ಹೇಳಿದರೆ ಅಥವಾ ನಿಮ್ಮಿಂದಲೇ ಫೀಸ್ ಕೇಳಿದರೆ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ.

ನನ್ನ ಮಗಳಿಗೆ 13 ತಿಂಗಳು. ಇನ್ನೂ ನಡೆಯುತ್ತಿಲ್ಲ. ಅಂಬೆಗಾಲೂ ಇಡಲಿಲ್ಲ, ಕೂತಲ್ಲೇ ಜಾರಿಕೊಂಡು ಹೋಗುತ್ತಾಳೆ. ಅಧ್ಯಯನದವರು ಬಂದು ಕೆಂಪು ಮರದ ಚೌಕಗಳನ್ನು ಒಂದರ ಮೇಲೊಂದು ಇಡು ಅಂದರು. ಇವಳು ಒಂದನ್ನು ತೆಗೆದುಕೊಂಡು ಹೋಗಿ ಅಜ್ಜಿಯ ಕೈಗೆ ಕೊಟ್ಟಳು. ಅವರು ನಗಲಿಲ್ಲ, ಏನೋ ಬರೆದುಕೊಂಡು ಹೋದರು. ಫೇಲ್ ಆದಳಾ?
ಒಬ್ಬ ತಾಯಿ, ಬೆಟಗೇರಿ, ಗದಗ

ನಾನಾಗಿದ್ದರೆ ಅಜ್ಜಿಗೆ ಕೊಟ್ಟದ್ದನ್ನೂ ಬರೆದುಕೊಳ್ಳುತ್ತಿದ್ದೆ. ಒಂದು ವಸ್ತುವನ್ನು ತನಗೆ ಬೇಕಾದವರ ಕೈಗೆ ಒಯ್ದು ಕೊಡುವುದು ಸಣ್ಣ ಸಂಗತಿ ಅಲ್ಲ.

ಅವರು ನಗದಿದ್ದಕ್ಕೆ ಬೇಜಾರಾಗಬೇಡಿ. ಇಂಥ ಪರೀಕ್ಷೆಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ರೀತಿ ಹೇಳಬೇಕು, ಸರಿ ತಪ್ಪು ಅಂತ ಸುಳಿವು ಕೊಡಬಾರದು. ನಮಗೆ ತರಬೇತಿಯಲ್ಲಿ ಕಲಿಸುವುದೇ ಅದು. ನಾನು ಎಷ್ಟೋ ಸಲ ತುಟಿ ಕಚ್ಚಿಕೊಂಡು ಕೂತಿದ್ದೇನೆ. ಇನ್ನೇನು ಮೂರನೇ ಚೌಕ ಬೀಳುತ್ತದೆ ಅನ್ನುವಾಗ ತಾಯಂದಿರು ಮೆಲ್ಲಗೆ ಬೆರಳು ಚಾಚುತ್ತಿದ್ದರು. ಅದನ್ನು ಬೇಡ ಅನ್ನುವುದು ಬಲು ಕಷ್ಟದ ಕೆಲಸ. ಎಷ್ಟೋ ಜನ ತಾಯಂದಿರು ಆಮೇಲೆ ನನ್ನ ಹತ್ತಿರ ಕ್ಷಮೆ ಕೇಳಿದ್ದಾರೆ, "ದಿನಾ ಮಾಡ್ತಾಳ್ರೀ, ಇವತ್ತ ಹಟ ಹಿಡದಾಳ" ಅಂತ. ಕ್ಷಮೆ ಯಾಕೆ? ತೆಗೆದುಕೊಳ್ಳಲು ಬಂದವಳು ನಾನು, ಕೊಡುತ್ತಿದ್ದವರು ಅವರು.

ಇನ್ನು ನಡಿಗೆ. ನಿಮ್ಮ ತಾಯಿ ಕಾರ್ಡಿನಲ್ಲಿ ತೂಕದ ಗೆರೆಗಳಿವೆಯಲ್ಲ, ಅವು ಎಲ್ಲಿಂದ ಬಂದವು ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು, 2006ರಲ್ಲಿ ಹೊರತಂದ ಗೆರೆಗಳು. ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕ, ಜೊತೆಗೆ ನಮ್ಮ ದೆಹಲಿ. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಹಿಂಬಾಲಿಸಿದ ಕೂಸುಗಳ ಮನೆಗೆ 21 ಸಲ ಹೋದರು. ಅಷ್ಟು ಸಲ ಬಾಗಿಲು ತೆಗೆದ ಆ ತಾಯಂದಿರನ್ನು ನಾನು ಒಮ್ಮೊಮ್ಮೆ ನೆನೆಯುತ್ತೇನೆ. ಅವರ ಮಕ್ಕಳಿಂದಲೇ ಇವತ್ತು ನಿಮಗೆ ಉತ್ತರ ಹೇಳಲು ಆಗುತ್ತಿದೆ: ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ ಯಾವಾಗ ಬಂದರೂ ಸಹಜ. ಅಂಬೆಗಾಲನ್ನಂತೂ ನೂರರಲ್ಲಿ ನಾಲ್ಕು ಮಕ್ಕಳು ಇಡಲೇ ಇಲ್ಲ.

ಹಾಗಂತ ಕಣ್ಣು ಮುಚ್ಚಿ ಕೂರಬೇಡಿ. ಆಸರೆ ಹಿಡಿದು ನಿಲ್ಲುತ್ತಾಳಾ? ಎರಡೂ ಕೈ ಒಂದೇ ಥರ ಬಳಸುತ್ತಾಳಾ? ಹೆಸರು ಕರೆದರೆ ತಿರುಗುತ್ತಾಳಾ? ಇದರಲ್ಲಿ ಯಾವುದಕ್ಕಾದರೂ ಇಲ್ಲ ಅನ್ನಿಸಿದರೆ, ಅಥವಾ 18 ತಿಂಗಳಾದರೂ ನಡೆಯದಿದ್ದರೆ, ಡಾಕ್ಟರಿಗೆ ತೋರಿಸಿ. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೂ ಹೇಳಬಹುದು. ಅವರು ಜಿಲ್ಲೆಯ ಕೇಂದ್ರಕ್ಕೆ ಕಳಿಸಿಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಅಧ್ಯಯನದವರು ನೋಡಿದ್ದಾರೆ, ಏನಾದರೂ ಇದ್ದರೆ ಅವರೇ ಹೇಳುತ್ತಾರೆ ಅಂತ ಮಾತ್ರ ಕಾಯಬೇಡಿ. ಅವರು ಬಂದದ್ದು ಸಾವಿರ ಮಕ್ಕಳ ಸರಾಸರಿಗೆ. "ನನ್ನ ಮಗಳದು ಹ್ಯಾಗಿದೆ?" ಅಂತ ಬಾಯಿಬಿಟ್ಟು ಕೇಳಿ.

ನಾನು 5ನೇ ಕ್ಲಾಸ್. ನಮ್ಮ ಶಾಲೆಗೆ ಬಂದು ಒಬ್ಬೊಬ್ಬರನ್ನೇ ಕರೆದು ಆಟದಂಥ ಪರೀಕ್ಷೆ ಮಾಡುತ್ತಾರಂತೆ. ಸಂಖ್ಯೆಗಳನ್ನು ಉಲ್ಟಾ ಹೇಳಬೇಕಂತೆ. ಅಪ್ಪ ಸಹಿ ಹಾಕಿದ್ದಾರೆ. ನಾನು ಬೇಡ ಅಂದರೆ ನಡೆಯುತ್ತಾ? ನನ್ನ ಮಾರ್ಕ್ಸ್ ಟೀಚರ್‌ಗೆ ತೋರಿಸುತ್ತಾರಾ? ನಾನು ದೊಡ್ಡವಳಾದ ಮೇಲೂ ಬರುತ್ತಾರಾ?
ಒಬ್ಬ ಹುಡುಗಿ, ಧಾರವಾಡ

ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ನಿನ್ನದು, ಪುಟ್ಟಿ. ಒಂದೊಂದಾಗಿ ಹೇಳುತ್ತೇನೆ.

ಬೇಡ ಅಂದರೆ ನಡೆಯುತ್ತದೆ. ಏಳು ವರ್ಷ ದಾಟಿದ ಮಕ್ಕಳನ್ನು ಕೇಳಲೇಬೇಕು, ಅಪ್ಪನ ಸಹಿ ಒಂದೇ ಸಾಲದು. ನಿನ್ನ ವಯಸ್ಸಿನವರು ಬಾಯಲ್ಲಿ ಹೂಂ ಅಂದರೆ ಸಾಕು, 12 ದಾಟಿದವರು ಬರೆದೇ ಕೊಡಬೇಕು. ಅರ್ಧಕ್ಕೆ ಬೇಜಾರಾದರೆ "ಸಾಕು ಅಕ್ಕಾ" ಅಂತ ಎದ್ದು ಬಾ. ನರೇಂದ್ರದಲ್ಲಿ ಒಬ್ಬ ಹುಡುಗ ನನಗೆ ಹಾಗೇ ಹೇಳಿ ಗೋಲಿ ಆಡಲು ಓಡಿಹೋಗಿದ್ದ. ನಾನು ಹಾಳೆಯಲ್ಲಿ 'ಮುಂದುವರಿಸಲಿಲ್ಲ' ಅಂತ ಬರೆದೆ, ಅಷ್ಟೇ.

ಟೀಚರ್‌ಗೆ ತೋರಿಸಬಾರದು. ನಿನ್ನ ಹಾಳೆಯ ಮೇಲೆ ಹೆಸರಿನ ಬದಲು ಒಂದು ನಂಬರ್ ಬರೆಯುತ್ತಾರೆ. ಹೆಸರು ಯಾವುದು, ನಂಬರ್ ಯಾವುದು ಅನ್ನುವ ಪಟ್ಟಿ ಬೇರೆ ಕಡೆ ಬೀಗ ಹಾಕಿಟ್ಟಿರುತ್ತದೆ. ಕೂರುವ ಮುಂಚೆ ನೀನೇ ಕೇಳು, "ಇದು ಟೀಚರ್‌ಗೆ ಹೋಗುತ್ತಾ?" ಅಂತ. ಉತ್ತರ ಹೇಳದೆ ಅವರು ಶುರು ಮಾಡಬಾರದು.

ದೊಡ್ಡವಳಾದ ಮೇಲೆ? ಕೆಲವು ಅಧ್ಯಯನ ಒಂದೇ ದಿನದ್ದು. ಕೆಲವು ಬಲು ಉದ್ದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಅವರಿಗೆ ಹುಟ್ಟಿದ ಮಕ್ಕಳು ನಿನ್ನಷ್ಟು ದೊಡ್ಡವರಾದಾಗ, 9-10 ವರ್ಷಕ್ಕೆ, ನೀನು ಹೇಳಿದಂಥ ಆಟದ ಪರೀಕ್ಷೆಗಳನ್ನೇ ಕೊಟ್ಟರು. ಹೊಟ್ಟೆಯಲ್ಲಿದ್ದಾಗ ಯಾರ ತಾಯಿಯ ರಕ್ತದಲ್ಲಿ ಫೋಲೇಟ್ ಅನ್ನುವ ವಿಟಮಿನ್ ಜಾಸ್ತಿ ಇತ್ತೋ ಅವರ ಅಂಕ ಸ್ವಲ್ಪ ಮುಂದಿತ್ತು. ಸೊಪ್ಪು, ಕಾಳಿನಲ್ಲಿ ಇರುವುದು ಅದೇ. ಆ ಮಕ್ಕಳು ಈಗ ಎಷ್ಟು ದೊಡ್ಡವರು, ನೀನೇ ಲೆಕ್ಕ ಹಾಕು. ನಿನ್ನದೂ ಅಂಥ ಉದ್ದದ ಅಧ್ಯಯನವಾದರೆ, 18 ತುಂಬಿದ ದಿನ ಅಪ್ಪನ ಸಹಿಯ ಕೆಲಸ ಮುಗಿಯಿತು. ಆಮೇಲೆ ನಿನ್ನನ್ನೇ ಕೇಳಬೇಕು.

ಉಲ್ಟಾ ಸಂಖ್ಯೆಯ ಆಟ ಭಾರೀ ಮಜಾ ಇರುತ್ತದೆ. 3, 9, 6 ಅಂದರೆ ನೀನು 6, 9, 3 ಅನ್ನಬೇಕು. ಐದು ಸಂಖ್ಯೆ ಬಂದಾಗ ನಾನು ಈಗಲೂ ತಡವರಿಸುತ್ತೇನೆ. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಆಡಿಸಿ ನೋಡು. ನಾಲ್ಕು ದಾಟಿದರೆ ನನಗೆ ಬರೆದು ತಿಳಿಸು.